ಈ ಮಾತನ್ನು ಯಾರು ಯಾರಿಗೆ ಹೇಳಿದರು?

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನಮ್ಮ ನಾಟಕ ಮಂಡಳಿಯ ಕಾರ್ಯದರ್ಶಿಗಳೇ, ನನ್ನ ಜೊತೆ ದುಡಿದ ಕಲಾವಿದರೇ, ಮುಂಚೆಯೇ ಬಂದು ಫ್ಯಾನಿನ ಕೆಳಗೆ ಜಾಗ ಹಿಡಿದಿರುವ ಜಾಣ ಸಭಿಕರೇ, ತಡವಾಗಿ ಬಂದು ಬಾಗಿಲ ಹತ್ತಿರ ನಿಂತೇ ಇರುವ ತಾಳ್ಮೆಯ ಸಭಿಕರೇ, ಮತ್ತು ಇಂದಿನ ಸನ್ಮಾನಿತರೇ,

ನನ್ನ ದನಿ ಹಿಂದಿನ ಸಾಲಿಗೆ ಕೇಳಿಸುತ್ತಿದೆಯೇ? ಕೇಳಿಸದಿದ್ದರೆ ಕೈ ಎತ್ತಿ. ನನಗೆ ಜೋರಾಗಿ ಮಾತಾಡಿ ಅಭ್ಯಾಸವಿಲ್ಲ. ಈ ಮಂಡಳಿಯಲ್ಲಿ ನಾನು ಪ್ರಾಂಪ್ಟರ್. ನಾಟಕ ನಡೆಯುವಾಗ ರಂಗದ ಎಡಗಡೆ, ಪಕ್ಕದ ಪರದೆಯ ಮರೆಯಲ್ಲಿ, ಒಂದು ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕುಳಿತು, ನಟರು ಮಾತು ಮರೆತಾಗ ಮುಂದಿನ ಸಾಲನ್ನು ಮೆಲ್ಲಗೆ ಹೇಳಿಕೊಡುವವನು. ನನ್ನ ದನಿ ರಂಗದ ಮೇಲಿರುವವರಿಗೆ ಕೇಳಿಸಬೇಕು, ಮೊದಲ ಸಾಲಿನಲ್ಲಿ ಕೂತವರಿಗೆ ಕೇಳಿಸಬಾರದು. ಮಂಡಳಿಯವರೆಲ್ಲ ನನ್ನನ್ನು ಪಿಸುಮೇಷ್ಟ್ರು ಎಂದು ಕರೆಯುತ್ತಾರೆ. ಇವತ್ತು ಮೊದಲ ಸಲ ಪರದೆಯಿಂದ ಈಚೆಗೆ ಬಂದು ನಿಂತಿದ್ದೇನೆ, ಅದೂ ಮೈಕಿನ ಮುಂದೆ.

ನಾನಾಗಿ ಬಂದವನಲ್ಲ. ಕಾರ್ಯದರ್ಶಿಗಳು ಮನೆಗೇ ಬಂದು ಹಿಡಿದರು. "ಮೇಷ್ಟ್ರೇ, ಅಕ್ಕನ ಅಭಿನಯದ ಬಗ್ಗೆ ಎಲ್ಲರೂ ಮಾತಾಡ್ತಾರೆ. ನೀವು ಬೇರೆ ಏನಾದ್ರೂ ಹೇಳಿ. ಪುಸ್ತಕದಲ್ಲಿರೋ ಮಾತು ಬಾಯಿಗೆ ಬಂದಾಗ ಹೇಗೆ ಬದಲಾಗುತ್ತೆ, ಸಂದರ್ಭ, ಅರ್ಥ, ಹೀಗೆ. ಸ್ವಲ್ಪ ತೂಕವಾಗಿರಲಿ" ಎಂದರು. ತೂಕವಾಗಿಯೇ ಬರೆದುಕೊಂಡು ಬಂದಿದ್ದೇನೆ. ಜೇಬಿನಲ್ಲಿದೆ. ಅದನ್ನು ಓದಿದರೆ ನಿಮಗೂ ನಿದ್ದೆ ಬರುತ್ತದೆ, ನನಗೂ ಬರುತ್ತದೆ. ಆದ್ದರಿಂದ ಅದು ಜೇಬಿನಲ್ಲೇ ಇರಲಿ, ಬಾಯಿಗೆ ಬಂದಷ್ಟು ಹೇಳುತ್ತೇನೆ.

ಸಭಿಕರೇ, 'ಆಯ್ತು' ಎಂಬ ಮಾತನ್ನು ತೆಗೆದುಕೊಳ್ಳಿ. ಪುಸ್ತಕದಲ್ಲಿ ಅದು ಬರೀ 'ಆಯ್ತು'. ಬಡಗಿ ಕೈಯ ಹೊಟ್ಟು ಕೊಡವಿಕೊಂಡು 'ಆಯ್ತು' ಎಂದರೆ ಮೇಜು ಸಿದ್ಧವಾಗಿದೆ ಎಂದು ನಾವು ಸಂತೋಷಪಡುತ್ತೇವೆ. ವೈದ್ಯರು ಕೋಣೆಯಿಂದ ಹೊರಗೆ ಬಂದು, ನಮ್ಮ ಮುಖ ನೋಡದೆ, 'ಆಯ್ತು' ಎಂದರೆ? ಹೊಸ ಸೊಸೆ ತಲೆ ತಗ್ಗಿಸಿ 'ಆಯ್ತು' ಎಂದರೆ ಒಂದು. ಅದೇ ಸೊಸೆ ವರ್ಷ ಕಳೆದ ಮೇಲೆ ತಲೆ ಎತ್ತಿ 'ಆಯ್ತು' ಎಂದರೆ ಅತ್ತೆ ಅಡುಗೆಮನೆಯಿಂದ ಹೊರಗೆ ಬರುವುದೇ ಕ್ಷೇಮ! ನೋಡಿ, ಅತ್ತೆಯರು ಯಾರೂ ನಗಲಿಲ್ಲ.

ಅಕ್ಷರ ಒಂದೇ, ಆದರೆ ಯಾರು ಹೇಳಿದರು, ಯಾರಿಗೆ ಹೇಳಿದರು, ಎಲ್ಲಿ ನಿಂತು ಹೇಳಿದರು ಎಂಬುದನ್ನು ತೆಗೆದುಬಿಟ್ಟರೆ ಮಾತಿನಲ್ಲಿ ಉಳಿಯುವುದೇನು? ಇದು ವಿದ್ವಾಂಸರಿಗೆ ಪುಸ್ತಕದ ವಿಷಯ. ನನಗೆ ಹೊಟ್ಟೆಪಾಡಿನ ವಿಷಯ. ಏಕೆಂದರೆ ನಾನು ಹೇಳಿದ ಯಾವ ಮಾತೂ ನನ್ನದಲ್ಲ. ನಾನು ಪರದೆಯ ಹಿಂದಿನಿಂದ 'ಅಯ್ಯೋ, ನನ್ನ ಮನೆ ಹಾಳಾಯಿತು' ಎಂದರೆ ಯಾರೂ ಓಡಿ ಬಂದು ಏನಾಯಿತು ಎಂದು ಕೇಳುವುದಿಲ್ಲ. ರಂಗದ ಮೇಲಿರುವವರು ಅದನ್ನೇ ಗಟ್ಟಿಯಾಗಿ ಹೇಳುತ್ತಾರೆ, ಅಷ್ಟೇ.

ಈ ಕೆಲಸ ನನಗೆ ಕಲಿಸಿದವರು ನನ್ನ ಸೋದರಮಾವ. ಅವರೂ ಪ್ರಾಂಪ್ಟರ್ ಆಗಿದ್ದವರೇ. ಮೊದಲ ದಿನ ನಾನು ಹುರುಪಿನಲ್ಲಿ, ಅಳುವ ಸಾಲನ್ನು ಅಳುತ್ತಾ, ನಗುವ ಸಾಲನ್ನು ನಗುತ್ತಾ ಹೇಳಿಕೊಟ್ಟೆ. ಮಾವ ಕಿವಿ ಹಿಂಡಿದರು. "ಏಯ್, ನಿನಗ್ಯಾರೋ ಉಪ್ಪು ಹಾಕು ಅಂದಿದ್ದು? ಸಪ್ಪೆಯಾಗಿ ಕೊಡು. ಉಪ್ಪು, ಖಾರ ಎಲ್ಲಾ ಅವರೇ ಹಾಕ್ಕೊಳ್ತಾರೆ." ಅಂದಿನಿಂದ ಸಪ್ಪೆಯಾಗಿ ಹೇಳುವುದನ್ನು ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ, ಮನೆಯಲ್ಲಿ ಹಬೆಯಾಡುವ ಪಾತ್ರೆ ಮುಟ್ಟಿ ಕೈ ಸುಟ್ಟುಕೊಂಡಾಗಲೂ 'ಸುಟ್ಟಿತು' ಎಂದು ಸಪ್ಪೆಯಾಗಿ ಹೇಳುತ್ತೇನೆ. ನಮ್ಮ ಅತ್ತಿಗೆಗೆ ಇವತ್ತಿಗೂ ಅದರ ಮೇಲೆ ಸಿಟ್ಟು. "ನಿಮಗೆ ನೋವಾಯ್ತೋ ಇಲ್ವೋ ಅಂತ ನಾವು ಹೇಗೆ ತಿಳ್ಕೊಳ್ಳೋದು?" ಎನ್ನುತ್ತಾರೆ.

ಈಗ ಇಂದಿನ ಸನ್ಮಾನಿತರ, ಊರು ಬಿಟ್ಟು ಹೊರಟಿರುವ ನಮ್ಮ ಮಂಡಳಿಯ ಈ ನಟಿಯ, ವಿಷಯಕ್ಕೆ ಬರುತ್ತೇನೆ. ನನಗಿಂತ ಮೊದಲು ಮಾತಾಡಿದವರೆಲ್ಲ ಇವರನ್ನು 'ಅಕ್ಕ' ಎಂದು ಸಂಬೋಧಿಸಿದರು. ಮಂಡಳಿಗೇ ಇವರು ಅಕ್ಕ. ಬಣ್ಣ ಹಚ್ಚುವವರಿಗೆ ಅಕ್ಕ, ಪರದೆ ಎಳೆಯುವವರಿಗೆ ಅಕ್ಕ, ಇವರಿಗಿಂತ ದೊಡ್ಡವರಾದ ನಮ್ಮ ನಾಯಕನಟರಿಗೂ ಅಕ್ಕ. ನಾನು ಒಂದು ಸಲವೂ ಹಾಗೆ ಕರೆದವನಲ್ಲ. ಯಾರಾದರೂ ಗಮನಿಸಿದ್ದೀರಾ? ಇಲ್ಲ. ನಾನು 'ಇಲ್ಲಿ ನೋಡಿ' ಎನ್ನುತ್ತಿದ್ದೆ, 'ಸ್ವಲ್ಪ ಕೇಳಿ' ಎನ್ನುತ್ತಿದ್ದೆ. ಹತ್ತಿರದಲ್ಲೇ ಇದ್ದರೆ ಸುಮ್ಮನೆ ಕೆಮ್ಮುತ್ತಿದ್ದೆ. ಮನೆಯಲ್ಲಿ ಹೆಂಡತಿ ಗಂಡನನ್ನು ಕರೆಯುವ ರೀತಿ ಇದು ಎಂದು ಅಲ್ಲಿ ಯಾರೋ ನಗುತ್ತಿದ್ದೀರಿ. ನಗಿ. ಅಕ್ಕ ಎಂದು ಒಮ್ಮೆ ಕರೆದುಬಿಟ್ಟರೆ ಅಲ್ಲಿಗೆ ಬಾಗಿಲು ಹಾಕಿದ ಹಾಗೆ ಎಂದು ನನಗೆ ಆಗಲೇ ಗೊತ್ತಿತ್ತು.

ಹೇಳಬಾರದೆಂದಿದ್ದೆ, ಹೇಳಿದೆ. ಇರಲಿ, ಮುಂದಕ್ಕೆ ಹೋಗೋಣ.

ನಮ್ಮ ಮಂಡಳಿಗೆ ಹೆಸರು ತಂದ ನಾಟಕವನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿದ್ದೀರಿ. ಗಂಡ ದೂರದ ಗಣಿ ಕೆಲಸಕ್ಕೆ ಹೊರಟಿದ್ದಾನೆ. ಹೆಂಡತಿ ಹೊಸಿಲಲ್ಲಿ ನಿಂತಿದ್ದಾಳೆ. ಪುಸ್ತಕದಲ್ಲಿ ಅಲ್ಲಿ ಮಾತಿಲ್ಲ. ಕಂಸದೊಳಗೆ 'ಅವಳು ಮೌನವಾಗಿ ನಿಲ್ಲುತ್ತಾಳೆ, ಅವನು ಹೊರಡುತ್ತಾನೆ' ಎಂದಿತ್ತು. ಆ ಮೌನ ಬಂದಾಗ ನನಗೆ ಬಿಡುವು. ಕನ್ನಡಕ ಒರೆಸಿಕೊಳ್ಳುತ್ತಿದ್ದೆ, ನೀರು ಕುಡಿಯುತ್ತಿದ್ದೆ. ಹೆಂಡತಿಯ ಪಾತ್ರದಲ್ಲಿ ಇವರು ನಿಲ್ಲುತ್ತಿದ್ದ ಆ ಹೊಸಿಲು ನನ್ನ ಸ್ಟೂಲಿನಿಂದ ಕೈಯಳತೆಯಲ್ಲಿತ್ತು.

ಒಂದು ಸಂಜೆ ಆಟ ಶುರುವಾಗುವ ಮುಂಚೆ, ಬಣ್ಣದವರು ನನ್ನ ಹತ್ತಿರ ಬಂದು, "ಗೊತ್ತಾಯ್ತಾ ಮೇಷ್ಟ್ರೇ? ಅಕ್ಕ ಹೊರಟ್ರು. ದೊಡ್ಡ ನಾಟಕ ಕಂಪನಿಯಿಂದ ಕರೆ ಬಂದಿದೆಯಂತೆ. ಇವತ್ತೇ ಕೊನೇ ಆಟ" ಎಂದರು. ನಾನು 'ಹೌದೇ' ಎಂದೆ, ಸಪ್ಪೆಯಾಗಿ. ಆದರೆ ಅವತ್ತು ಮೊದಲ ಅಂಕದಲ್ಲಿ ಎರಡು ಪುಟ ಒಟ್ಟಿಗೆ ಮಗುಚಿ, ನಾಯಕನಟರ ಬಾಯಲ್ಲಿ ಇನ್ನೂ ಹುಟ್ಟದ ಮಗುವಿನ ಹೆಸರು ಹೇಳಿಸಿಬಿಟ್ಟೆ.

ಮೌನದ ಜಾಗ ಬಂತು. ಇವರು ಹೊಸಿಲಿಗೆ ಬಂದು ನಿಂತರು. ಇನ್ನು ಕೆಲವು ಕ್ಷಣ ಇವರಿಗೂ ಮಾತಿಲ್ಲ, ನನಗೂ ಕೆಲಸವಿಲ್ಲ. ಆಟ ಮುಗಿದ ಮೇಲೆ ಜನ ಮುತ್ತಿಕೊಳ್ಳುತ್ತಾರೆ. ಆಮೇಲೆ ಇವರು ಹೋಗಿಬಿಡುತ್ತಾರೆ. ಹೇಳಿದರೆ ಈಗ, ಇಲ್ಲದಿದ್ದರೆ ಇಲ್ಲ ಎನ್ನಿಸಿತು. ಪುಸ್ತಕ ಮುಚ್ಚಿ, ಪರದೆಯ ಅಂಚಿಗೆ ಬಾಗಿ ಹೇಳಿದೆ: 'ಹೋಗಬೇಡಿ. ನೀವು ಹೋದರೆ ಇನ್ನು ನಾನು ಯಾರಿಗೆ ಹೇಳಲಿ?'

ನನಗೆ ಬರುತ್ತಿದ್ದದ್ದು ಒಂದೇ ಪಿಸುದನಿ. ಮಾವ ಕಲಿಸಿದ ಸಪ್ಪೆ ದನಿ. ಅದರಲ್ಲೇ ಹೇಳಿದೆ.

ಇವರು ಏನು ಮಾಡಿದರು ಗೊತ್ತೇ? ಅದನ್ನು ಗಟ್ಟಿಯಾಗಿ, ಉಪ್ಪು ಖಾರ ಎಲ್ಲವನ್ನೂ ಹಾಕಿ, ಇಡೀ ಸಭೆಗೆ ಕೇಳುವಂತೆ ಹೇಳಿಬಿಟ್ಟರು! "ಹೋಗಬೇಡಿ. ನೀವು ಹೋದರೆ ಇನ್ನು ನಾನು ಯಾರಿಗೆ ಹೇಳಲಿ?"

ಹೊರಡಬೇಕಾದ ಗಂಡ ಕಕ್ಕಾಬಿಕ್ಕಿಯಾಗಿ ನಿಂತರು. ಗಂಡನ ಪಾತ್ರದ ನಮ್ಮ ನಾಯಕನಟರು ದೊಡ್ಡ ಮನುಷ್ಯರು, ಒಳ್ಳೆಯ ಕಂಠ, ಜ್ಞಾಪಕ ಮಾತ್ರ ಅಷ್ಟಕ್ಕಷ್ಟೇ. ನಾನು ಏನು ಅಂದರೂ ಅದನ್ನೇ ಅನ್ನುವವರು. ಒಮ್ಮೆ ನಾನು ಸೀನಿದರೆ ಅವರೂ ಸೀನಿದ್ದರು. ಇಲ್ಲೇ ಮುಂದೆ ಕೂತಿದ್ದಾರೆ, ಇಲ್ಲವೆನ್ನಲಿ ನೋಡೋಣ. ಅವರು ಗಾಬರಿಯಿಂದ ನನ್ನ ಕಡೆ ನೋಡಿದರು. ನಾನು 'ಹೊರಡು, ಹೊರಡು' ಎಂದು ಕೈಬೀಸಿದೆ. ಅವರು ಎದೆಗೆ ಕೈ ಒತ್ತಿ "ಹೊರಡು! ಹೊರಡು!" ಎಂದು ಗರ್ಜಿಸಿ ಹೊರಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊರಡಲು ಒಲ್ಲದ ತನ್ನ ಕಾಲುಗಳಿಗೆ ಗಂಡ ತಾನೇ ಹೇಳಿಕೊಂಡ ಮಾತು ಅದು ಎಂದು ಪತ್ರಿಕೆಯವರು ಬರೆದರು. ಸಂದರ್ಭ ಅರ್ಥ ಕೊಡುತ್ತದೆ ಎಂದರೆ ಇದೇ ನೋಡಿ, ಕಾರ್ಯದರ್ಶಿಗಳೇ. ನಿಮ್ಮ ವಿಷಯವನ್ನು ನಾನು ಬಿಟ್ಟಿಲ್ಲ.

ಆಟ ಮುಗಿದ ಮೇಲೆ ನಿರ್ದೇಶಕರು ಬಣ್ಣದ ಕೋಣೆಗೆ ನುಗ್ಗಿದರು. "ಯಾರು ಬರೆದದ್ದು ಆ ಮಾತು?" ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ. ಇವರು ಕನ್ನಡಿಯ ಮುಂದೆ ಬಣ್ಣ ಒರೆಸಿಕೊಳ್ಳುತ್ತಾ, ತಿರುಗಿಯೂ ನೋಡದೆ, "ಬಾಯಿಗೆ ಬಂತು, ಹೇಳ್ಬಿಟ್ಟೆ" ಎಂದರು. ನಿರ್ದೇಶಕರು ಗಡ್ಡ ಕೆರೆದುಕೊಂಡು ನನ್ನ ಕಡೆ ತಿರುಗಿದರು. "ಇನ್ಮೇಲೆ ಪ್ರತಿ ಆಟದಲ್ಲೂ ಇರಲಿ. ಮೇಷ್ಟ್ರೇ, ಪುಸ್ತಕದಲ್ಲಿ ಬರ್ಕೊಳ್ಳಿ."

ನಾನೇ ಬರೆದುಕೊಂಡೆ. ಮೌನ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ, ನನ್ನ ಕೈಯಿಂದಲೇ, ನನ್ನ ಮಾತನ್ನು ಆ ಹೆಂಡತಿಯ ಮಾತು ಎಂದು ಬರೆದೆ. ಸಭಿಕರೇ, ಆಡುವಾಗ ಅದು ಒಬ್ಬ ಮನುಷ್ಯನ ಬೇಡಿಕೆ. ಬರೆದ ಮೇಲೆ ಅದು ಎರಡನೆಯ ಅಂಕದ ಒಂದು ಸಾಲು. ಇವರು ಊರು ಬಿಡಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ. ಮುಂದೆ ಪ್ರತಿ ಆಟದಲ್ಲೂ ಅದನ್ನು ನಾನು ಕೆಲಸವೆಂದು ಹೇಳಿಕೊಟ್ಟೆ, ಇವರು ಕೆಲಸವೆಂದು ಹೇಳಿದರು. ಹಾಗೆಂದು ನಾನು ಅಂದುಕೊಂಡೆ.

ಅದು ಅಲ್ಲಿಗೂ ನಿಲ್ಲಲಿಲ್ಲ. ನಾಟಕ ಬರೆದ ಮಹಾನುಭಾವರು ಒಮ್ಮೆ ಆಟ ನೋಡಲು ಬಂದವರು ಮೊದಲು ಕೂಗಾಡಿದರು, ಆಮೇಲೆ ಜನರ ಚಪ್ಪಾಳೆ ಕೇಳಿ ಸುಮ್ಮನಾದರು. ಮುಂದಿನ ಮುದ್ರಣದಲ್ಲಿ ಆ ಸಾಲು ಅವರ ಹೆಸರಿನಲ್ಲೇ ಬಂತು. ಆ ದೃಶ್ಯ ಶಾಲೆಯ ಪಠ್ಯಕ್ಕೂ ಸೇರಿತು. ನನ್ನ ಅಣ್ಣನ ಮಗಳು ಆಗ ಶಾಲೆಗೆ ಹೋಗುತ್ತಿದ್ದಳು. ಒಂದು ದಿನ ಪುಸ್ತಕ ತಂದು ನನ್ನ ಮುಂದೆ ಹಿಡಿದಳು. "ಚಿಕ್ಕಪ್ಪಾ, ಇದಕ್ಕೆ ಉತ್ತರ ಹೇಳ್ಕೊಡು. 'ಹೋಗಬೇಡಿ, ನೀವು ಹೋದರೆ ಇನ್ನು ನಾನು ಯಾರಿಗೆ ಹೇಳಲಿ?' ಈ ಮಾತನ್ನು ಯಾರು ಯಾರಿಗೆ ಹೇಳಿದರು? ಸಂದರ್ಭದೊಂದಿಗೆ ವಿವರಿಸಿ."

ನಾನು ಏನು ಹೇಳಲಿ? "ಬರ್ಕೋ ಪುಟ್ಟಿ, ಹೆಂಡತಿ ಗಂಡನಿಗೆ ಹೇಳಿದಳು, ಅವನು ಗಣಿಗೆ ಹೊರಟ ಸಂದರ್ಭದಲ್ಲಿ" ಎಂದೆ. ಅವಳಿಗೆ ಪೂರ್ತಿ ಅಂಕ ಬಂತು. ನಾನು ಪರೀಕ್ಷೆ ಬರೆದಿದ್ದರೆ ಫೇಲಾಗುತ್ತಿದ್ದೆ. ಅವಳು ಈಗ ಇಲ್ಲೇ ಕೂತಿದ್ದಾಳೆ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು. ಮನೆಗೆ ಹೋದ ಮೇಲೆ ನನಗೆ ಕಾದಿದೆ.

ಇವರು ದೊಡ್ಡ ಕಂಪನಿಗೆ ಹೋಗಲಿಲ್ಲ. ಏಕೆ ಹೋಗಲಿಲ್ಲ ಎಂದು ಮಂಡಳಿಯವರು ಕೇಳಿದಾಗ "ಅಮ್ಮನಿಗೆ ಆ ಊರಿನ ನೀರು ಒಗ್ಗಲ್ಲ" ಎಂದರು. ಇವರ ತಾಯಿ ಕಾಯಿಲೆಯವರು, ಎಲ್ಲರೂ ನಂಬಿದರು. ನಾನೂ ನಂಬಿದೆ. ನಂಬದೆ ಏನು ಮಾಡಲಿ? ನೀವು ಉಳಿದದ್ದು ನಾನು ಹೇಳಿದ್ದಕ್ಕಾ ಎಂದು ಹೋಗಿ ಕೇಳಲೇ? ಅಲ್ಲ, ನೀರಿಗಾಗಿ ಎಂದುಬಿಟ್ಟರೆ? ಅಷ್ಟು ಎದೆ ಇದ್ದಿದ್ದರೆ ನಾನು ಪರದೆಯ ಮುಂದೆಯೇ ನಿಲ್ಲುತ್ತಿದ್ದೆ. ಇವರ ತಾಯಿ ತೀರಿಕೊಂಡ ಮೇಲೂ ಇವರು ಇಲ್ಲೇ ಇದ್ದರು. ನಾನೂ ಇದ್ದೆ. ದಿನವೂ ಸಂಜೆ ಇವರು ಬಂದು "ಬಂದ್ರಾ ಮೇಷ್ಟ್ರೇ?" ಎನ್ನುವರು, ನಾನು ಸ್ಟೂಲಿನ ಮೇಲೆ ಕೂತೇ 'ಬಂದೆ' ಎನ್ನುವೆ. ಕೂತಿರುವುದು ಕಾಣುತ್ತಿರುವಾಗ ಬಂದಿರಾ ಎಂದು ಏಕೆ ಕೇಳಬೇಕು? ಆದರೆ ಅವರು ಕೇಳದ ದಿನ ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಅಧ್ಯಕ್ಷರು ಗಡಿಯಾರ ನೋಡಿದ್ದು ನನಗೆ ಕಾಣಿಸಿತು.

ಆ ಸಾಲು ಹೇಳುವಾಗ ಇವರು ಗಂಡನ ಕಡೆ ತಿರುಗುತ್ತಿರಲಿಲ್ಲ. ಗಂಡ ಹೊರಡುವುದು ಬಲಗಡೆ, ಇವರು ತಿರುಗುವುದು ಎಡಗಡೆ. ನಿರ್ದೇಶಕರಿಗೆ ರೇಗುತ್ತಿತ್ತು. "ಅಲ್ಲಮ್ಮಾ, ಗಂಡ ಅಲ್ಲಿ ಹೋಗ್ತಿದ್ದಾನೆ, ನೀನು ಇಲ್ಲಿ ಯಾರಿಗೆ ಹೇಳ್ತಿದ್ದೀಯ?" ಎಂದರೆ ಇವರು, "ಈ ಕಡೆ ಬೆಳಕು ಚೆನ್ನಾಗಿ ಬೀಳುತ್ತೆ ಸಾರ್" ಎನ್ನುತ್ತಿದ್ದರು. ನಟಿಗೆ ಬೆಳಕಿನ ಚಿಂತೆ ಸಹಜ ಎಂದು ನಿರ್ದೇಶಕರು ಬಿಟ್ಟರು. ನಾನೂ ಬಿಟ್ಟೆ. ಇವರು ನನ್ನ ಕಡೆಗೆ ಮುಖ ಮಾಡಿ ಆ ಮಾತು ಹೇಳುತ್ತಿದ್ದರು, ನಾನು ತಲೆ ತಗ್ಗಿಸಿ ಪುಸ್ತಕ ನೋಡುತ್ತಿದ್ದೆ. ನೋಡಿದರೆ ಮುಂದಿನ ಸಾಲು ತಪ್ಪಿಹೋಗುತ್ತದೆಂಬ ಭಯ.

ಮೊನ್ನೆ ಚಹಾದಂಗಡಿಯಲ್ಲಿ ನಮ್ಮ ದೀಪದವರು ಸಿಕ್ಕಿದ್ದರು. ರಂಗಕ್ಕೆ ಬೆಳಕು ಹಾಕುತ್ತಿದ್ದವರು. ಇವರು ಊರು ಬಿಡುವ ಮಾತು ಬಂತು, ಹಳೆಯ ಆಟಗಳ ಮಾತು ಬಂತು. ಆ ದೃಶ್ಯಕ್ಕೆ ಎಡಗಡೆ ಎಂಥ ಬೆಳಕು ಕೊಡುತ್ತಿದ್ದಿರಿ ಎಂದು ನಾನು ಮೆಚ್ಚಿಕೊಂಡೆ. ಅವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. "ಎಡಗಡೆ ಎಲ್ಲಿತ್ತು ಮೇಷ್ಟ್ರೇ ಬೆಳಕು? ಗಂಡ ಹೋಗೋ ಬಲಗಡೆ ದಾರಿಗೆ ಇದ್ದಿದ್ದೇ ಒಂದು ದೀಪ. ಅಕ್ಕ ಕತ್ತಲಿಗೆ ಮುಖ ಮಾಡಿ ಡೈಲಾಗ್ ಹೇಳ್ತಾರೆ, ಮುಖ ಕಾಣಲ್ಲ ಅಂತ ನಾನು ಎಷ್ಟು ಸಲ ಬಡ್ಕೊಂಡಿದ್ದೀನಿ. ಕೇಳಿದ್ರೆ ತಾನೇ?"

ಸಭಿಕರೇ, ನಾನು ಆ ಚಹಾ ಕುಡಿಯದೆ ಎದ್ದು ಬಂದೆ. ಬೆಳಕಿಲ್ಲದ ಕಡೆಗೆ ಒಬ್ಬ ನಟಿ ಏಕೆ ತಿರುಗುತ್ತಾಳೆ? ಅಷ್ಟು ವರ್ಷ, ಬೈಸಿಕೊಂಡು, ಏಕೆ ತಿರುಗುತ್ತಾಳೆ? ಒಂದು ಪ್ರಶ್ನೆಯ ಹಿಂದೆ ಮತ್ತೊಂದು ಬಂತು. ಇವರು ಮಾತು ಮರೆತದ್ದನ್ನು ನಾನು ಕಂಡೇ ಇಲ್ಲ. ನಾಟಕವಿಡೀ ಕಂಠಪಾಠ, ಬೇರೆಯವರ ಪಾತ್ರವೂ ಕಂಠಪಾಠ. ಅಲ್ಲಿ ಮೌನವಿದೆ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು. ಹಾಗಾದರೆ, ಪುಸ್ತಕದಲ್ಲಿಲ್ಲದ ಮಾತು ಎಂದು ಗೊತ್ತಿದ್ದೂ ಅಂದು ಅದನ್ನು ಹೇಳಿದ್ದು ಅಭ್ಯಾಸಬಲದಿಂದಲೋ? ಅಥವಾ ನಾನು ಕೇಳಿದ್ದಕ್ಕೆ ಇವರು ಅಲ್ಲೇ, ಅಷ್ಟು ಜನರ ಮುಂದೆ, ಯಾರಿಗೂ ತಿಳಿಯದಂತೆ ಉತ್ತರ ಕೊಟ್ಟರೋ? ಪ್ರತಿ ಆಟದಲ್ಲೂ ಕೊಡುತ್ತಲೇ ಇದ್ದರೋ? ನಾನು ಪುಟ ಮಗುಚುತ್ತಾ ಕೂತಿದ್ದೆನೋ?

ನನಗೆ ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ.

ಇನ್ನು ನಾನು ಸಭೆಗೆ ಹೇಳುವುದಿಲ್ಲ. ಅಧ್ಯಕ್ಷರು ಕ್ಷಮಿಸಬೇಕು, ನಾನು ಸ್ವಲ್ಪ ಈ ಕಡೆ ತಿರುಗುತ್ತೇನೆ.

ಇಲ್ಲಿ ನೋಡಿ. ನಾಳೆ ಬೆಳಿಗ್ಗೆ ನೀವು ತಂಗಿಯ ಊರಿಗೆ ಹೊರಟಿದ್ದೀರಿ. ನನಗೆ ನೀವು ಬೇಕು. ಆಗಲೂ ಬೇಕಾಗಿತ್ತು. ನೀವಿಲ್ಲದ ಈ ಊರಿನಲ್ಲಿ ಸಂಜೆ ಹೇಗೆ ಕಳೆಯುತ್ತದೆ ಎಂದು ನೆನೆದರೆ ನನಗೆ ಹೆದರಿಕೆಯಾಗುತ್ತದೆ. ಹಿಂದಿನ ಸಾಲಿನವರೇ, ಚಪ್ಪಾಳೆ ಬೇಡ, ಇದು ನಾಟಕದ್ದಲ್ಲ.

ನೀವು ಈಗ ಎದ್ದು ಉತ್ತರ ಭಾಷಣ ಮಾಡಬೇಕು. ದಯವಿಟ್ಟು ಅದರಲ್ಲಿ ನನಗೆ ಉತ್ತರ ಕೊಡಬೇಡಿ. ಇಲ್ಲಿ ನಿಂತು ನೀವು ಏನು ಹೇಳಿದರೂ ಅದು ಸಭೆಯ ಮಾತಾಗುತ್ತದೆ. 'ಮೇಷ್ಟ್ರನ್ನು ಮರೆಯಲಾರೆ' ಎನ್ನುತ್ತೀರಿ, ಅಧ್ಯಕ್ಷರನ್ನೂ ಮರೆಯಲಾರೆ ಎನ್ನುತ್ತೀರಿ. ಅದನ್ನು ಹಿಡಿದುಕೊಂಡು ನಾನು ಮತ್ತೆ ಸಾಯುವವರೆಗೂ ಲೆಕ್ಕ ಹಾಕುತ್ತಾ ಕೂರಬೇಕು. ನನಗೆ ಆ ಶಕ್ತಿ ಇಲ್ಲ.

ನಾಳೆ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ನಾನೂ ಬರುತ್ತೇನೆ. ಕೈಯಲ್ಲಿ ಬಟ್ಟೆಯ ಪೆಟ್ಟಿಗೆ ಇರುತ್ತದೆ. ನಿಮ್ಮ ತಂಗಿಯ ಬೀದಿಯಲ್ಲಿ, ಟೈಲರ್ ಅಂಗಡಿಯ ಮೇಲೆ ಒಂದು ಕೋಣೆ ಬಾಡಿಗೆಗೆ ಇದೆಯಂತೆ. ಸುಮ್ಮನೆ ವಿಚಾರಿಸಿದ್ದೇನೆ. ಸುಮ್ಮನೆ ಅಲ್ಲ, ಮುಂಗಡ ಕೊಟ್ಟಿದ್ದೇನೆ.

ನೀವು ಬಸ್ಸಿನಲ್ಲಿ ಯಾವಾಗಲೂ ಕಿಟಕಿಯ ಪಕ್ಕ ಕೂತು, ಯಾರೂ ಬಂದು ಕೂರದಿರಲಿ ಎಂದು ಪಕ್ಕದ ಸೀಟಿನ ಮೇಲೆ ನಿಮ್ಮ ಚೀಲ ಇಟ್ಟುಕೊಳ್ಳುವವರು. ನಾಳೆ ನಾನು ಬಸ್ಸು ಹತ್ತಿ ನಿಮ್ಮ ಪಕ್ಕ ಬಂದು ನಿಲ್ಲುತ್ತೇನೆ. ಏನೂ ಹೇಳುವುದಿಲ್ಲ. ನೀವೂ ಏನೂ ಹೇಳಬೇಡಿ. ಚೀಲ ಅಲ್ಲೇ ಇದ್ದರೆ, ನಿಮ್ಮನ್ನು ಕಳಿಸಿಕೊಡಲು ಬಂದವನು ಎಂದುಕೊಂಡು ಇಳಿದುಬಿಡುತ್ತೇನೆ, ನಿಮ್ಮ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರೆ ಸಾಕು, ನಾನು ಕೂರುತ್ತೇನೆ.

ಇಷ್ಟು ಹೊತ್ತು ಕೆಮ್ಮದೆ ಕೇಳಿದ ಸಭೆಗೆ, ಗಂಟೆ ಬಾರಿಸದೆ ತಡೆದುಕೊಂಡ ಅಧ್ಯಕ್ಷರಿಗೆ, ಮೈಕಿನವರಿಗೆ, ನನ್ನಿಂದ ಏನೋ ತೂಕದ ಮಾತು ನಿರೀಕ್ಷಿಸಿದ್ದ ಕಾರ್ಯದರ್ಶಿಗಳಿಗೆ ಕೃತಜ್ಞತೆಗಳು. ನಾನು ಬೇಗ ಮನೆಗೆ ಹೋಗಬೇಕು. ಪೆಟ್ಟಿಗೆ ಇನ್ನೂ ಕಟ್ಟಿಲ್ಲ. ನಮಸ್ಕಾರ.